ಅಜ್ಜನ ದಿನಚರಿ ಪೂರ್ತಿ ನಿಜ ಹೇಳಬೇಕೆ?

ಪ್ರಶ್ನೆ: ಪತ್ತೇದಾರಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. 1938ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಎರಡು ಕೊಲೆಗಳಾಗುತ್ತವೆ, ಕೊಂದವರು ಸಿಗುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಊರಿನ ಶಾನುಭೋಗರ ಮೊಮ್ಮಗಳಿಗೆ ಅಟ್ಟದಲ್ಲಿ ಅಜ್ಜನ ದಿನಚರಿ ಸಿಗುತ್ತದೆ. ಅಂದಿನದೊಂದು ಅಧ್ಯಾಯ, ಇಂದಿನದೊಂದು. ಅಜ್ಜ ಕೊಲೆಯ ಸಂಗತಿಯನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾರೆ. ಓದಿದ ಗೆಳೆಯರು ‘ದಿನಚರಿಯನ್ನು ನಂಬಲಾಗದು, ಮೊಮ್ಮಗಳ ಭಾಗ ಸಪ್ಪೆ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಎರಡು ದೂರಿಗೂ ಬೇರು ಒಂದೇ. ಅಜ್ಜ ಎಲ್ಲವನ್ನೂ ಹೇಳಿಬಿಟ್ಟರೆ ಮೊಮ್ಮಗಳಿಗೆ ಪುಟ ತಿರುವುವುದರ ಹೊರತು ಕೆಲಸವೇ ಇರುವುದಿಲ್ಲ.

1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಹೆಂಗಸರನ್ನು ಕೊಂದ ‘ಜಾಕ್ ದ ರಿಪ್ಪರ್’ ಯಾರೆಂದು ಇಂದಿಗೂ ಗೊತ್ತಾಗಿಲ್ಲ. 1992ರಲ್ಲಿ ಲಿವರ್‌ಪೂಲ್‌ನಲ್ಲಿ ಅವನದೆಂಬ ದಿನಚರಿಯೊಂದು ಹೊರಬಂತು. ಅದನ್ನು ಬರೆದವನು 1889ರಲ್ಲಿ ತೀರಿಕೊಂಡ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್ ಎಂದರು. ಪುಸ್ತಕವೇನೋ ಹಳೆಯದೇ, ಆದರೆ ಮೊದಲ ಹಾಳೆಗಳು ಮಾಯ. ಶಾಯಿಯ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅದನ್ನು ತಂದವನು ‘ಇದು ನನ್ನದೇ ಕೈವಾಡ’ ಎಂದ. ಆಮೇಲೆ ಆ ಮಾತನ್ನೂ ಹಿಂತೆಗೆದುಕೊಂಡ! ನನಗೆ ಬಹಳ ಹಿಡಿಸಿದ್ದು ಅದರಲ್ಲಿ ಬರುವ ಖಾಲಿ ತಗಡಿನ ಬೆಂಕಿಪೆಟ್ಟಿಗೆ. ಕೊಲೆಯಾದ ಒಬ್ಬಳ ಬಳಿ ಸಿಕ್ಕ ವಸ್ತುಗಳ ಪೊಲೀಸ್ ಪಟ್ಟಿಯಲ್ಲಿ ಅದಿತ್ತು. ಪಟ್ಟಿ ಬಹುಕಾಲ ಅಚ್ಚಾಗಿರಲಿಲ್ಲ. ನಂಬುವವರಿಗೆ ಅದೇ ಸಾಕ್ಷಿ. ನಂಬದವರಿಗೆ, ಪಟ್ಟಿ ಅಚ್ಚಾದ ಮೇಲೆ ಯಾರೋ ನೋಡಿ ಬರೆದದ್ದಕ್ಕೆ ಅದೇ ಸಾಕ್ಷಿ. ನಿಮಗೆ ಬೇಕಾದದ್ದು ಇಂಥದೊಂದು ಬೆಂಕಿಪೆಟ್ಟಿಗೆ.

ಶಾನುಭೋಗರು ದಿನಚರಿಯಲ್ಲಿ ಕಂದಾಯ, ಮಳೆ, ಅಮಲ್ದಾರರ ಭೇಟಿ ಬರೆದಾರು, ಮನಸ್ಸಿನ ತುಮುಲವನ್ನಲ್ಲ. ಕೊಲೆಯಾದ ದಿನ ಮಳೆಯ ಸುದ್ದಿ ಮಾತ್ರ ಇದ್ದರೆ ನಾನಂತೂ ಬೆಚ್ಚುತ್ತೇನೆ. ‘ಐವತ್ತು ಪೈಸೆ ಕೊಟ್ಟೆ’ ಎಂಬ ಸಾಲು ನಿಮ್ಮ ಅಜಾಗರೂಕತೆಯಿಂದ ನುಸುಳಿದರೆ ಕಾದಂಬರಿ ಕೆಟ್ಟಿತು, ಏಕೆಂದರೆ ರೂಪಾಯಿಗೆ ನೂರು ಪೈಸೆಯಾದದ್ದು 1957ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಅದು ಎಂಟಾಣೆ. ಅದೇ ಸಾಲನ್ನು ನೀವು ಬೇಕೆಂದೇ ಇಟ್ಟು ಮೊಮ್ಮಗಳ ಕಣ್ಣಿಗೆ ಬೀಳಿಸಿದರೆ, ಕಥೆ ಅಲ್ಲಿಂದ ಏಳುತ್ತದೆ.

ಇನ್ನೂ ಚೆಲುವಾದ ಬಲೆ ನಮ್ಮ ಪಂಚಾಂಗದಲ್ಲೇ ಇದೆ. 1938ರ ಯುಗಾದಿಗೆ ಬಂದದ್ದು ಬಹುಧಾನ್ಯ ಸಂವತ್ಸರ. ಅರವತ್ತು ವರ್ಷ ಕಳೆದು 1998ರಲ್ಲಿ ಮತ್ತೆ ಬಹುಧಾನ್ಯ. ಅಜ್ಜ ಇಸವಿ ಹಾಕದೆ ಸಂವತ್ಸರ, ಮಾಸ, ತಿಥಿ, ವಾರ ಮಾತ್ರ ಬರೆಯುವವರಾಗಿರಲಿ. ಒಂದು ಪುಟದ ತಿಥಿಗೂ ವಾರಕ್ಕೂ 1938ರ ಪಂಚಾಂಗದಲ್ಲಿ ಹೊಂದಿಕೆಯಿಲ್ಲ, 1998ರದಕ್ಕೆ ಸರಿಯಾಗಿ ಕೂಡುತ್ತದೆ ಎಂದುಕೊಳ್ಳಿ. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರೆ ಆ ಪುಟ ಬರೆದ ಕೈ ಯಾವುದು? ಮನೆಯಲ್ಲಿ ಇನ್ನೂ ಬದುಕಿರುವ ಯಾರದೋ. ಮೊಮ್ಮಗಳಿಗೆ ಈಗ ಕೆಲಸವೂ ಸಿಕ್ಕಿತು, ಭಯವೂ ಸಿಕ್ಕಿತು. (ಹಳೆಯ ಪಂಚಾಂಗಗಳನ್ನು ನೀವೂ ಕೂತು ನೋಡಲೇಬೇಕು, ನಮ್ಮ ಓದುಗರಲ್ಲಿ ಲೆಕ್ಕ ಹಾಕುವವರು ಬಹಳ.)

ಅಧ್ಯಾಯಗಳನ್ನು ಒಂದಾದ ಮೇಲೊಂದು ಜೋಡಿಸುವ ಹಟ ಬೇಡ. ಇಂದಿನ ಭಾಗದಲ್ಲಿ ಏನಾದರೂ ತಿಳಿದಾಗ ಮಾತ್ರ ಅಂದಿಗೆ ಹೋಗಿ. ಸದ್ಯಕ್ಕೆ ಕೊಲೆಯಾದ ವಾರದ ಪುಟಗಳನ್ನು ಕರಡಿನಿಂದ ಕಿತ್ತಿಟ್ಟು, ಉಳಿದದ್ದನ್ನು ಅದೇ ಗೆಳೆಯರಿಗೆ ಓದಲು ಕೊಡಿ.