ಟಪಾಲು ತಡವಾದರೆ ಅಂಚೆಯವರನ್ನು ಕೇಳೋರು ಯಾರು?

ಬೇಲೂರು ಕಡೆಯ ಹಳ್ಳಿ ಅಂದಿದ್ದೀರಿ. ಕಾಗದಗಳು ವಾರಗಟ್ಟಲೆ ತಡ, ಡಿಸಿಗೆ ಅರ್ಜಿ ಕೊಟ್ಟರೆ ಕೆಲಸ ಆಗುತ್ತಾ, ಅಂಚೆ ಇಲಾಖೆ ಮೇಲೆ ಸರ್ಕಾರದ ನಿಗಾ ಅಂತ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಡಿಸಿಗೆ ಕೊಟ್ಟರೆ ಆಗಲ್ಲ. ಅಂಚೆ ಕೇಂದ್ರ ಸರ್ಕಾರದ್ದು. ನಿಮ್ಮ ಊರಿನ ಬಿಓ, ಅಂದರೆ ಹಳ್ಳಿಯ ಶಾಖಾ ಅಂಚೆ ಕಚೇರಿ. ಅದರ ಮೇಲೆ ಸಬ್ ಆಫೀಸು, ಆಮೇಲೆ ಇನ್‌ಸ್ಪೆಕ್ಟರು, ಹಾಸನದಲ್ಲಿ ಅಂಚೆ ಅಧೀಕ್ಷಕರು, ಬೆಂಗಳೂರಿನಲ್ಲಿ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್, ದೆಹಲಿಯಲ್ಲಿ ಸಂವಹನ ಸಚಿವಾಲಯ. ಲೆಕ್ಕ ನೋಡೋಕೆ ಸರ್ಕಾರಿ ಖರ್ಚು ತಪಾಸಣೆ ಮಾಡೋ ಸಿಎಜಿ ಇದೆ, ಅನುದಾನ ನೋಡೋಕೆ ಸಂಸತ್ತಿನ ಸ್ಥಾಯಿ ಸಮಿತಿ. ಉಳಿತಾಯದ ಬಡ್ಡಿ ಎಷ್ಟು ಅಂತ ಹೇಳೋದು ಹಣಕಾಸು ಸಚಿವಾಲಯ. ನೋಡಿ, ನಿಗಾ ಇಡೋರಿಗೇನೂ ಬರ ಇಲ್ಲ. ಅವರು ಏನನ್ನು ನೋಡುತ್ತಾರೆ ಅನ್ನೋದೇ ಬೇರೆ ವಿಷಯ.

ನಾನು ಮೂಡಿಗೆರೆ ಕಡೆಯವನು. ಬಿಪಿಎಂ, ಅಂದರೆ ಬಿಓದ ಪೋಸ್ಟ್‌ಮಾಸ್ಟರ್ ಆಗಿದ್ದೆ, 65 ತುಂಬಿದ ಮೇಲೆ ಬಿಟ್ಟೆ. ನಮ್ಮ ಮನೆ ಜಗಲಿಯೇ ಅಂಚೆ ಕಚೇರಿ. ಒಂದು ಮಳೆಗಾಲ ಇನ್‌ಸ್ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಬೈಕಿನಲ್ಲಿ ಬಂದರು. ರೈನ್‌ಕೋಟಿನಿಂದ ನೀರು ಸುರೀತಾ ಇತ್ತು. ಕಾಫಿ ಆಮೇಲೆ, ಮೊದಲು ಕ್ಯಾಶ್ ತೆಗೀರಿ ಅಂದರು. ನೋಟು, ಚಿಲ್ಲರೆ ಎಲ್ಲಾ ಎಣಿಸಿದರು. ಆಮೇಲೆ ಅಂಚೆಚೀಟಿ. ಜುಲೈ ಶೀತಕ್ಕೆ ಐದು ರೂಪಾಯಿಯ ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸೋಕೆ ಹೋದರೆ ಹರಿಯುತ್ತೆ. ಬೆಳಕಿಗೆ ಹಿಡಿದು, ಅಂಚಿನ ಹಲ್ಲು ನೋಡಿ ನೋಡಿ ಲೆಕ್ಕ ಹಾಕಿದೆವು. ಒಂದು ಚೀಟಿ ಕಡಿಮೆ. ಐದು ರೂಪಾಯಿ ನನ್ನ ಜೇಬಿನಿಂದ ಹೋಯ್ತು, ಪುಸ್ತಕದಲ್ಲಿ ಷರಾನೂ ಬಿತ್ತು. ಆಮೇಲೆ ತಿಂಗಳು ತಿಂಗಳು ದುಡ್ಡು ಕಟ್ಟೋ ಆರ್‌ಡಿ ಖಾತೆಯ ನಾಲ್ಕೈದು ಪಾಸ್‌ಬುಕ್ ತರಿಸಿ ಲೆಕ್ಕಕ್ಕೆ ತಾಳೆ ನೋಡಿದರು. ಪಾಸ್‌ಬುಕ್ಕಿನಲ್ಲಿ ಬರೆದು ದುಡ್ಡು ಲೆಕ್ಕಕ್ಕೆ ತೋರಿಸದ ಮೋಸ ನಡೆಯೋದೇ ಅಲ್ಲಿ, ಅದಕ್ಕೆ. ಅವರು ಮಾಡಿದ್ದು ಸರಿಯೇ.

ಅದೇ ಹೊತ್ತಿನಲ್ಲಿ ಬೀರುವಿನ ಮೇಲೆ ಗುಡ್ಡದ ಮನೆಯವರ ಎರಡು ಕಾಗದ ಕೂತಿದ್ದವು. ಮೂರು ದಿನದಿಂದ. ಹಳ್ಳ ತುಂಬಿತ್ತು, ಶಾಲೆಗೆ ಬರೋ ಅವರ ಹುಡುಗನ ಕೈಲಿ ಕೊಟ್ಟರಾಯ್ತು ಅಂತ ಇಟ್ಟಿದ್ದೆ. ತಪ್ಪು ನನ್ನದೇ. ಸಾಹೇಬರು ಆ ಕಡೆ ತಿರುಗಿಯೂ ನೋಡಲಿಲ್ಲ. ರಿಜಿಸ್ಟರ್ಡ್ ಆಗಿದ್ದರೆ ಸಹಿ ಎಲ್ಲಿ ಅಂತ ಕೇಳುತ್ತಿದ್ದರು. ಸಾದಾ ಟಪಾಲಿಗೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ. ಟಪಾಲು ಸರಿಯಾಗಿ ತಲುಪುತ್ತಾ ಅಂತ ಪರೀಕ್ಷೆಗೆ ಅಪರೂಪಕ್ಕೊಂದು ಕಾರ್ಡು ಹಾಕುತ್ತಿದ್ದರು, ಅದೂ ರಸ್ತೆ ಪಕ್ಕದ ಮನೆಗೆ!

ಇದು ಬರೀ ನಮ್ಮ ಜಗಲಿಯ ಕಥೆಯಲ್ಲ. ಫೋನಿನವರ ಮೇಲೆ ಕಣ್ಣಿಡೋಕೆ 1997ರಲ್ಲಿ ಟ್ರಾಯ್ ಅನ್ನೋ ನಿಯಂತ್ರಣ ಪ್ರಾಧಿಕಾರ ಬಂತು. ಅಂಚೆಗೆ ಅಂಥದ್ದು ಇವತ್ತಿಗೂ ಇಲ್ಲ. ಸೇವೆ ಕೊಡೋದೂ ಇಲಾಖೆಯೇ, ನಿಯಮ ಮಾಡೋದೂ ಇಲಾಖೆಯೇ, ದೂರು ಕೇಳೋದೂ ಇಲಾಖೆಯೇ. ಬ್ರಿಟನ್ನಿನಲ್ಲಿ ಆಫ್‌ಕಾಮ್ ಅಂತ ಬೇರೆಯೇ ಸಂಸ್ಥೆ ಇದೆ. ಹೇಳಿದ ದಿನಕ್ಕೆ ಕಾಗದ ತಲುಪಿಸಲಿಲ್ಲ ಅಂತ 2023ರಲ್ಲಿ ಅದು ರಾಯಲ್ ಮೇಲ್‌ಗೆ 56 ಲಕ್ಷ ಪೌಂಡ್ ದಂಡ ಹಾಕಿತು. ಅಲ್ಲಿ ಅಂಚೆ ಖಾಸಗಿ ಕಂಪನಿ, ನಿಜ. ಇಲ್ಲಿ ಸರ್ಕಾರ ತನಗೆ ತಾನೇ ದಂಡ ಹಾಕಿಕೊಳ್ಳುತ್ತಾ? ನಮ್ಮಲ್ಲಿ 1898ರ ಕಾಯ್ದೆ ಹೋಗಿ 2023ರ ಅಂಚೆ ಕಚೇರಿ ಕಾಯ್ದೆ ಬಂತು, 2024ರ ಜೂನ್ 18ರಿಂದ ಜಾರಿಯಲ್ಲಿದೆ. ದೇಶದ ಭದ್ರತೆಯಂಥ ಕಾರಣಕ್ಕೆ ಟಪಾಲು ತಡೆದು ತೆರೆಯುವ ಅಧಿಕಾರ ಹೊಸದರಲ್ಲೂ ಇದೆ. ತಡವಾದರೆ, ಕಳೆದುಹೋದರೆ ನಿಯಮದಲ್ಲಿ ಹೇಳಿದ್ದರ ಆಚೆಗೆ ಇಲಾಖೆ ಹೊಣೆಯಲ್ಲ ಅನ್ನೋ ಮಾತೂ ಇದೆ.

ಹಾಗಂತ ಸುಮ್ನೆ ಕೂರಬೇಡಿ. ಬಿಪಿಎಂ ಹತ್ತಿರ ಜಗಳಕ್ಕೆ ಹೋಗಬೇಡಿ, ಅವನಿಗೇ ಟಪಾಲು ಚೀಲ ಎರಡು ದಿನಕ್ಕೊಮ್ಮೆ ಬರುತ್ತಿರಬಹುದು. ಹಾಸನದ ಅಧೀಕ್ಷಕರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಜೊತೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ದೂರು ತಾಣ ಸಿಪಿಗ್ರಾಮ್ಸ್‌ನಲ್ಲೂ ಹಾಕಿ, ಅಲ್ಲಿ ನಂಬರ್ ಸಿಗುತ್ತೆ, ಉತ್ತರ ಕೊಡೋಕೆ ಗಡುವು ಇರುತ್ತೆ. ಆಗಲಿಲ್ಲ ಅಂದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ. ‘ಯಾಕೆ ತಡ’ ಅಂತ ಕೇಳಬೇಡಿ, ಅದಕ್ಕೆ ಜಾರಿಕೊಳ್ಳುವ ಉತ್ತರ ಬರುತ್ತೆ. ‘ನಮ್ಮ ಬಿಓಗೆ ಕಳೆದ ಮೂರು ತಿಂಗಳಲ್ಲಿ ಚೀಲ ಬಂದ ತಾರೀಖುಗಳ ನಕಲು ಕೊಡಿ’ ಅಂತ ಕೇಳಿ.

ಇನ್ನೊಂದು. ತಡವಾಗಿ ಬಂದ ಕವರ್‌ಗಳನ್ನು ಎಸೆಯಬೇಡಿ. ಮುಂಭಾಗದಲ್ಲಿ ಕಾಗದ ಹಾಕಿದ ಊರಿನ ಮೊಹರು ಇರುತ್ತೆ, ಹಿಂಭಾಗದಲ್ಲಿ ತಲುಪಿದ ಊರಿನದು ಇರಬೇಕು. ಎರಡರ ಫೋಟೋ ತೆಗೆದು ದೂರಿಗೆ ಸೇರಿಸಿ. ಹಿಂದೆ ಮೊಹರೇ ಇಲ್ಲದಿದ್ದರೆ ಅದನ್ನೂ ಬರೆಯಿರಿ. ನಾನೂ ಮಳೆಗಾಲದಲ್ಲಿ ಎಷ್ಟೋ ಸಲ ಒತ್ತದೇ ಬಿಟ್ಟಿದ್ದೇನೆ.