9 ವರ್ಷದ ಪೂಲ್ ಸೋಲಾರ್ ಪ್ಯಾನೆಲ್ ಸೋರುತ್ತಿದೆ, ಎಲ್ಲವನ್ನೂ ಬದಲಿಸಲೇಬೇಕಾ?

ಇಷ್ಟಕ್ಕೇ ಬೇಡ. ನೀವು ಬರೆದಿರುವ ಪ್ರಕಾರ ಸ್ವಿಮ್ಮಿಂಗ್ ಪೂಲ್ ನೀರು ಬಿಸಿ ಮಾಡುವ ಕಪ್ಪು ಪ್ಲಾಸ್ಟಿಕ್ ಪ್ಯಾನೆಲ್‌ಗಳಿಗೆ 9 ವರ್ಷ ಆಗಿದೆ. ಎರಡು ಕಡೆ ನೀರು ತೊಟ್ಟಿಕ್ಕುತ್ತಿದೆ, ಪೂಲ್ ಮೊದಲಿನಷ್ಟು ಬೆಚ್ಚಗಾಗುತ್ತಿಲ್ಲ. ನೋಡಲು ಬಂದವರು ‘ಆಯುಸ್ಸು ಮುಗೀತು, ಎಲ್ಲ ಕಿತ್ತು ಹೊಸದು ಹಾಕಿಸಿ’ ಅಂದಿದ್ದಾರೆ. ನನಗೂ 8ನೇ ವರ್ಷದಲ್ಲಿ ಇದೇ ಮಾತು ಹೇಳಿದ್ದರು. ನಮ್ಮ ಪ್ಯಾನೆಲ್‌ಗಳಿಗೆ ಈಗ 14 ನಡೆಯುತ್ತಿದೆ, ಇನ್ನೂ ಕೆಲಸ ಮಾಡುತ್ತಿವೆ.

ಗಾಜಿನ ಮುಚ್ಚಳವಿಲ್ಲದ ಈ ಪ್ಯಾನೆಲ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ಸರಿಯಾಗಿ ಜೋಡಿಸಿದ್ದರೆ 10ರಿಂದ 20 ವರ್ಷ ಬಾಳುತ್ತವೆ. ಕೊನೆಗೆ ಅವನ್ನು ಮುಗಿಸುವುದು ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಕಿರಣ. ಅದನ್ನು ತಡೆಯಲೆಂದೇ ಪ್ಲಾಸ್ಟಿಕ್‌ಗೆ ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ. ಕಪ್ಪು ಬಣ್ಣ ಶಾಖ ಹೀರುವುದಕ್ಕೆ ಮಾತ್ರ ಅಂದುಕೊಂಡಿದ್ದೆ ನಾನು, ಬಹಳ ದಿನ. ಆದರೆ ಇಡೀ ಪ್ಯಾನೆಲ್ ಒಂದೇ ದಿನ ಕೈಕೊಡುವುದು ಅಪರೂಪ. ಒಂದು ಕೊಳವೆ ಬಿರುಕು ಬಿಡುತ್ತದೆ, ಎಲ್ಲೋ ಒಂದು ಜಾಯಿಂಟ್‌ನ ರಬ್ಬರ್ ಗಟ್ಟಿಯಾಗುತ್ತದೆ, ಕೆಳಗೆ ಪಂಪ್ ಹತ್ತಿರ ಒಂದು ವಾಲ್ವ್ ಸಿಕ್ಕಿಕೊಳ್ಳುತ್ತದೆ. ನೋಡುವವರಿಗೆ ಮಾತ್ರ ‘ಪ್ಯಾನೆಲ್ ಹೋಯ್ತು’ ಅನ್ನಿಸುತ್ತದೆ.

ನಿಮ್ಮ ಎರಡು ದೂರುಗಳನ್ನು ಬೇರೆ ಬೇರೆಯಾಗಿ ನೋಡಿ. ಎರಡು ಕಡೆ ತೊಟ್ಟಿಕ್ಕಿದ ಮಾತ್ರಕ್ಕೆ ಪೂಲ್ ತಣ್ಣಗಾಗುವುದಿಲ್ಲ. ಹಾಗಾಗಿ ಮೊದಲು ಅಂಗೈ ಪರೀಕ್ಷೆ ಮಾಡಿ. ಮಧ್ಯಾಹ್ನ, ಪಂಪ್ ಓಡುತ್ತಿರುವಾಗ, ಒಂದೊಂದೇ ಪ್ಯಾನೆಲ್ ಮೇಲೆ ಕೈಯಿಡಿ. ಚುರುಕು ಬಿಸಿಲಲ್ಲೂ ಅದು ತಣ್ಣಗೆ ಇರಬೇಕು. ವಿಚಿತ್ರ ಅಲ್ವಾ? ಬಿಸಿ ಮಾಡುವ ಯಂತ್ರ ಕೈಗೆ ತಣ್ಣಗೆ ಹತ್ತಬೇಕು! ತಣ್ಣಗಿದೆ ಅಂದರೆ ಬಂದ ಶಾಖವನ್ನೆಲ್ಲ ನೀರು ಹೊತ್ತುಕೊಂಡು ಹೋಗುತ್ತಿದೆ ಎಂದರ್ಥ. ಮುಟ್ಟಿದರೆ ಸುಡುತ್ತಿದೆ ಅಂದರೆ ಅಲ್ಲಿ ನೀರು ಸರಿಯಾಗಿ ಹರಿಯುತ್ತಿಲ್ಲ, ಶಾಖವೆಲ್ಲ ಗಾಳಿಗೆ ಹೋಗುತ್ತಿದೆ. ಪೂಲ್‌ಗೆ ವಾಪಸ್ ಬೀಳುವ ನೀರು ಕುದಿ ಬಿಸಿ ಇರಬೇಕು ಅಂತಲೂ ನಿರೀಕ್ಷಿಸಬೇಡಿ. ಹೋಗುವ ನೀರಿಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಇದ್ದರೆ ಸಾಕು.

ನಮ್ಮಲ್ಲಿ ಆವತ್ತು ಎಲ್ಲ ಪ್ಯಾನೆಲ್‌ಗಳೂ ಕಾದ ಹೆಂಚಿನ ಹಾಗಿದ್ದವು. ಕೆಳಗಿಳಿದು ನೋಡಿದರೆ ಫಿಲ್ಟರ್ ಆದಮೇಲೆ ನೀರನ್ನು ಮೇಲಕ್ಕೆ ತಿರುಗಿಸುವ ಮೂರು ದಾರಿಯ ವಾಲ್ವ್ ಅರ್ಧಕ್ಕೇ ನಿಂತಿತ್ತು. ಮುಕ್ಕಾಲು ಪಾಲು ನೀರು ಪ್ಯಾನೆಲ್‌ನ ಮುಖವನ್ನೇ ನೋಡದೆ ಸೀದಾ ಪೂಲ್‌ಗೆ ವಾಪಸ್. ವಾಲ್ವ್ ಬಿಚ್ಚಿ, ಒಳಗಿನ ಕಸ ತೆಗೆದು, ಸೋರದಂತೆ ತಡೆಯುವ ರಬ್ಬರ್ ಬಳೆ (ಒ-ರಿಂಗ್) ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿದೆ. ಅರ್ಧ ಗಂಟೆಯ ಕೆಲಸ. ‘ಆಯುಸ್ಸು ಮುಗಿದ’ ಪ್ಯಾನೆಲ್ ಮರುದಿನ ಮತ್ತೆ ದುಡಿಯತೊಡಗಿತು.

ಅಂಗೈ ಪರೀಕ್ಷೆ ಪಾಸಾಗಿಯೂ ಪೂಲ್ ಬೆಚ್ಚಗಾಗದಿದ್ದರೆ ತಪ್ಪು ಬೇರೆ ಕಡೆ ಇದೆ. ಪಂಪ್ ಬಿಸಿಲಿಲ್ಲದ ಹೊತ್ತಲ್ಲಿ ಓಡುತ್ತಿರಬಹುದು. ಛಾವಣಿಯ ಮೇಲೆ ಬಿಸಿ ಅಳೆಯುವ ಸೆನ್ಸರ್ ಕಿತ್ತು ನೆರಳಲ್ಲಿ ನೇತಾಡುತ್ತಿರಬಹುದು. ಮರ ಬೆಳೆದು ಪ್ಯಾನೆಲ್‌ಗೆ ನೆರಳು ಬಿದ್ದಿರಬಹುದು. ಇಲ್ಲವೇ ರಾತ್ರಿ ಪೂಲ್ ಮುಚ್ಚುತ್ತಿಲ್ಲ. ಪೂಲ್ ಕಳೆದುಕೊಳ್ಳುವ ಶಾಖದಲ್ಲಿ ದೊಡ್ಡ ಪಾಲು ನೀರು ಆವಿಯಾಗುವುದರಿಂದಲೇ ಹೋಗುವುದು. ಹೊದಿಕೆ ಇಲ್ಲದಿದ್ದರೆ ಹಗಲಿಡೀ ದುಡಿದದ್ದು ರಾತ್ರಿ ಖಾಲಿ.

ಈಗ ಸೋರಿಕೆ. ದಯವಿಟ್ಟು ಎಪಾಕ್ಸಿ ಮೆತ್ತಬೇಡಿ. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ, ಪಿವಿಸಿ ಸಾಲ್ವೆಂಟ್ ಕೂಡ. ನಾನೂ ಮೊದಲು ಮೆತ್ತಿದವನೇ. ಎರಡು ವಾರಕ್ಕೆ ಒಣಗಿದ ಹಕ್ಕಳೆ ಹಾಗೆ ಕೈಗೆ ಬಂತು. ಸರಿಯಾದ ದಾರಿ ಅಂದರೆ ಒಡೆದ ಕೊಳವೆಯನ್ನು ಸೇವೆಯಿಂದ ಬಿಡಿಸುವುದು. ಪಂಪ್ ನಿಲ್ಲಿಸಿ, ಪ್ಯಾನೆಲ್ ಖಾಲಿ ಮಾಡಿ. ಆ ಸಣ್ಣ ಕೊಳವೆಯನ್ನು ಮೇಲಿನ ದಪ್ಪ ಪೈಪಿನ ಹತ್ತಿರ ಒಂದು ಕಡೆ, ಕೆಳಗಿನದರ ಹತ್ತಿರ ಒಂದು ಕಡೆ, ಎರಡು ಬೆರಳಿನಷ್ಟು ಮೋಟು ಉಳಿಸಿ ಚೂಪು ಚಾಕುವಿನಿಂದ ಕತ್ತರಿಸಿ. ಎರಡೂ ಮೋಟಿಗೆ ಆ ಪ್ಯಾನೆಲ್‌ಗೆಂದೇ ಸಿಗುವ ಪ್ಲಗ್ ತುರುಕಿ. ಪ್ಲಗ್ ಬಿಗಿಯಾಗಿ ಹೋಗದಿದ್ದರೆ ಮೋಟಿನ ಮೇಲೆ ಸ್ವಲ್ಪ ಬಿಸಿನೀರು ಹಾಕಿ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ನಮ್ಮ ಒಂದು ಪ್ಯಾನೆಲ್‌ನಲ್ಲಿ ನೂರರ ಹತ್ತಿರ ಕೊಳವೆಗಳಿವೆ. ಅದರಲ್ಲಿ ಐದು ಮುಚ್ಚಿದ್ದೇನೆ, ಪೂಲ್‌ಗೆ ಗೊತ್ತೇ ಆಗಿಲ್ಲ. ಕೊಳವೆಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಅಂಟಿಕೊಂಡ ಹಾಳೆಯಂಥ ಮಾದರಿಯಾದರೆ ಪ್ಲಗ್ ಹಾಕುವ ರೀತಿ ಬೇರೆ, ಅದರ ರಿಪೇರಿ ಕಿಟ್ ಕೇಳಿ.

ತೊಟ್ಟಿಕ್ಕುವುದು ಎರಡು ಪ್ಯಾನೆಲ್ ಸೇರುವ ಕಡೆ ಆದರೆ ಇನ್ನೂ ಸುಲಭ. ರಬ್ಬರ್ ಹೋಸ್, ಕ್ಲ್ಯಾಂಪ್ ಬದಲಿಸಿದರೆ ಮುಗೀತು.

ಸೋರಿದ್ದು ಯಾಕೆ ಅಂತಲೂ ನೋಡಿ, ಇಲ್ಲದಿದ್ದರೆ ಪಕ್ಕದ್ದೇ ಒಡೆಯುತ್ತದೆ. ಬಿಸಿಲಿಗೆ ಪ್ಯಾನೆಲ್ ಉದ್ದವಾಗುತ್ತದೆ. 3 ಮೀಟರ್ ಪ್ಯಾನೆಲ್ 40 ಡಿಗ್ರಿ ಕಾದರೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ಪಟ್ಟಿಗಳು ಗಾಳಿಗೆ ಹಾರದಷ್ಟು ಹಿಡಿದಿರಬೇಕೇ ಹೊರತು ಕಟ್ಟಿಹಾಕಿದ ಹಾಗೆ ಇರಬಾರದು. ಅಳಿಲು, ಇಲಿ ಕಡಿದ ಗುರುತೂ ಹುಡುಕಿ.

ಸಂಜೆ ಪಂಪ್ ನಿಂತಾಗ ಛಾವಣಿಯಿಂದ ‘ಸ್‌ಸ್’ ಅಂತ ಶಬ್ದ ಬರುತ್ತದಾ, ಕಿವಿಗೊಡಿ. ಅದು ಮೇಲಿರುವ ವ್ಯಾಕ್ಯೂಮ್ ರಿಲೀಫ್ ವಾಲ್ವ್ ಗಾಳಿ ಎಳೆದುಕೊಂಡು ಪ್ಯಾನೆಲ್ ಖಾಲಿ ಮಾಡುವ ಸದ್ದು, ಬರಲೇಬೇಕು. ಬೆಳಿಗ್ಗೆ ಶುರುವಾದಾಗ ಪೂಲ್‌ನಲ್ಲಿ ಒಂದಷ್ಟು ಗುಳ್ಳೆ ಬರುವುದೂ ಅದೇ ಗಾಳಿಯಿಂದ, ತಲೆಕೆಡಿಸಿಕೊಳ್ಳಬೇಡಿ. ದಿನವಿಡೀ ಗುಳ್ಳೆ ಬಂದರೆ ಮಾತ್ರ ಆ ವಾಲ್ವ್ ಬದಲಿಸಿ. ಹೆಪ್ಪುಗಟ್ಟುವ ಚಳಿ ಇರುವ ಕಡೆ ಇದು ಕೆಟ್ಟರೆ ಆಟ ಮುಗಿದ ಹಾಗೆ. ಒಳಗೆ ಉಳಿದ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕೊಳವೆ ಸೀಳುತ್ತದೆ.

ಫಿಲ್ಟರ್ ಮತ್ತು ಪ್ಯಾನೆಲ್ ನಡುವೆ ಚೆಕ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಇದೆಯಾ ನೋಡಿ. ಇಲ್ಲದಿದ್ದರೆ ಪಂಪ್ ನಿಂತಾಗ ಮೇಲಿನ ನೀರು ಹಿಂದಕ್ಕೆ ನುಗ್ಗಿ ಫಿಲ್ಟರ್‌ನ ಕೊಳೆಯನ್ನು ಕದಡುತ್ತದೆ. ಕ್ಲೋರಿನ್ ಮಾತ್ರೆಯ ಡಬ್ಬಿ ಪ್ಯಾನೆಲ್ ಆದಮೇಲೆ, ನೀರು ಪೂಲ್‌ಗೆ ಮರಳುವ ಪೈಪಿನಲ್ಲಿರಲಿ. ತೊಳೆಯುವ ವಿಷಯ ಹೇಳಬೇಕೆಂದರೆ, ಸುಮ್ನೆ ವರ್ಷಕ್ಕೊಮ್ಮೆ ಎಲೆ ಕಸ ಗುಡಿಸಿ. ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್‌ನ ಹಾಗೆ ಇದಕ್ಕೆ ಧೂಳಿನ ಚಿಂತೆ ಅಷ್ಟಿಲ್ಲ. ಮೇಲೆ ಮಾತ್ರ ಕಾಲಿಡಬೇಡಿ.

ಹಾಗಾದರೆ ನಿಜವಾಗಿ ಬದಲಿಸುವುದು ಯಾವಾಗ? ಕತ್ತರಿಸಿ ತೆಗೆದ ಆ ಕೊಳವೆಯ ತುಂಡನ್ನು ಬಾಗಿಸಿ ನೋಡಿ. ಬಳ್ಳಿಯ ಹಾಗೆ ಬಾಗಿದರೆ ಪ್ಯಾನೆಲ್‌ಗೆ ಇನ್ನೂ ಜೀವ ಇದೆ. ಒಣ ಕಡ್ಡಿಯ ಹಾಗೆ ಲಟಕ್ಕನೆ ಮುರಿದರೆ, ಒಂದು ಮುಚ್ಚಿದಾಗ ಪಕ್ಕದ್ದು ಒಡೆಯುತ್ತಿದ್ದರೆ, ರಿಪೇರಿ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ನಮ್ಮದು ಈ ವರ್ಷದ ತುಂಡು ಪೂರ್ತಿ ಬಾಗಲಿಲ್ಲ, ನಡುವೆ ಬಿಳಿ ಗೆರೆ ಬಿತ್ತು. ಇನ್ನೆರಡು ವರ್ಷ ಅಂತ ಲೆಕ್ಕ ಹಾಕಿಕೊಂಡಿದ್ದೇನೆ. ನಿಮ್ಮ ತುಂಡು ಹೇಗೆ ಬಾಗಿತು ಅಂತ ಇಲ್ಲೇ ಬರೆಯಿರಿ.