ವ್ಯಾನಿನ ಹಾರ್ನ್ ಕೇಳಿದೊಡನೆ ಹೊಟ್ಟೆನೋವು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದ ಹುಡುಗಿಯನ್ನು ಚಿನ್ನು ಎನ್ನೋಣ. ವಯಸ್ಸು ಹನ್ನೊಂದು, ಆರನೇ ತರಗತಿ. ದಸರಾ ರಜೆ ಮುಗಿದ ಮೇಲಿನ ಐದು ವಾರಗಳಲ್ಲಿ ಅವಳು ಶಾಲೆಗೆ ಹೋದದ್ದು ಆರೇ ದಿನ. ಸ್ನಾನ ಮಾಡಿ, ಯೂನಿಫಾರ್ಮ್ ತೊಟ್ಟು, ಜಡೆ ಹಾಕಿಸಿಕೊಳ್ಳುವವರೆಗೆ ಎಲ್ಲವೂ ಸರಿಯಾಗಿರುತ್ತಿತ್ತು. ಬೀದಿಯ ತಿರುವಿನಲ್ಲಿ ವ್ಯಾನಿನ ಹಾರ್ನ್ ಕೇಳಿದೊಡನೆ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡುತ್ತಿದ್ದಳು. ವ್ಯಾನು ಹೋದ ಅರ್ಧ ಗಂಟೆಗೆ ನೋವು ಇಳಿಯುತ್ತಿತ್ತು, ಹತ್ತು ಗಂಟೆಗೆ ಎರಡು ದೋಸೆ ತಿನ್ನುತ್ತಿದ್ದಳು. ಮಕ್ಕಳ ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ತೊಂದರೆಯೇನೂ ಇಲ್ಲ ಎಂದಿದ್ದರು. ಅಜ್ಜಿ ದೃಷ್ಟಿ ತೆಗೆದು ತಾಯಿತವನ್ನೂ ಕಟ್ಟಿಸಿದ್ದರು. ತಂದೆಯದು ಒಂದೇ ಮಾತು: ‘ಎಲ್ಲಾ ನಾಟಕ, ಮೇಡಂ.’

ನಾಟಕವಲ್ಲ ಎಂಬುದನ್ನು ಒಪ್ಪಿಸುವುದಕ್ಕೇ ಮೊದಲ ಭೇಟಿಯ ಬಹುಪಾಲು ಹೋಯಿತು. ಹೆದರಿಕೆ ಏರಿದಾಗ ಹೊಟ್ಟೆ, ಕರುಳುಗಳೂ ಕದಡುತ್ತವೆ. ನೋವು ನಿಜ, ಅದರ ಮೂಲ ಮಾತ್ರ ಹೊಟ್ಟೆಯಲ್ಲಿಲ್ಲ. ಪರೀಕ್ಷೆಯ ದಿನ ಮತ್ತೆ ಮತ್ತೆ ಬಚ್ಚಲಿಗೆ ಹೋದ ನೆನಪು ನಮ್ಮಲ್ಲಿ ಹಲವರಿಗಿದೆ.

‘ಶಾಲೆಗೆ ಯಾಕೆ ಹೋಗೋದಿಲ್ಲ?’ ಎಂದು ಇಂತಹ ಮಕ್ಕಳನ್ನು ನಾನು ನೇರವಾಗಿ ಕೇಳುವುದಿಲ್ಲ. ನನ್ನ ಬಳಿ ಬರುವಷ್ಟರಲ್ಲಿ ಆ ಪ್ರಶ್ನೆಯನ್ನು ಹತ್ತಾರು ಬಾರಿ ಎದುರಿಸಿರುವ ಮಗು, ಕೇಳುವವರ ಬಾಯಿ ಮುಚ್ಚಿಸುವ ಯಾವುದಾದರೂ ಉತ್ತರವನ್ನು ಕಂಡುಕೊಂಡಿರುತ್ತದೆ. ಚಿನ್ನು ಅಮ್ಮನಿಗೆ ಗಣಿತದ ಮಿಸ್ ಎಂದಿದ್ದಳು, ಅಜ್ಜಿಗೆ ಗೆಳತಿಯರು ಎಂದಿದ್ದಳು. ಸಹಪಾಠಿಗಳ ಪೀಡನೆ, ಹೊಡೆತ, ಲೈಂಗಿಕ ಕಿರುಕುಳ, ಕಲಿಕೆಯ ತೊಂದರೆಗಳೇನಾದರೂ ಇವೆಯೇ ಎಂದು ಮಗುವಿನೊಡನೆಯೂ ಶಾಲೆಯಲ್ಲಿಯೂ ಬೇರೆಬೇರೆಯಾಗಿ ವಿಚಾರಿಸಿದೆ. ಅಂಥದ್ದಿದ್ದರೆ ಮೊದಲು ಅದನ್ನು ಸರಿಪಡಿಸಬೇಕೇ ಹೊರತು ಮಗುವನ್ನು ಅಲ್ಲಿಗೇ ದೂಡುವುದು ತಪ್ಪು. ಇಲ್ಲಿ ಅಂಥದ್ದೇನೂ ಕಾಣಲಿಲ್ಲ.

ಕಂಡದ್ದು ಎರಡನೆಯ ಭೇಟಿಯಲ್ಲಿ. ಅವಳು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಾಗ ತಾಯಿಯ ಫೋನು ಗುನುಗಿತು. ಹಸಿರು ಕ್ರೇಯಾನ್ ಎಲೆಯ ನಡುವೆಯೇ ನಿಂತಿತು. ತಾಯಿ ‘ಗ್ಯಾಸಿನವರು’ ಎಂದ ಮೇಲಷ್ಟೇ ಮತ್ತೆ ಚಲಿಸಿತು. ಆಮೇಲೆ ತಿಳಿದದ್ದು: ರಜೆಯಲ್ಲಿ ತಂದೆಗೆ ಎದೆನೋವು ಬಂದು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಅತ್ತೆಯ ಮನೆಯಲ್ಲಿದ್ದ ಚಿನ್ನುವಿಗೆ ಯಾರೂ ಹೇಳಿರಲಿಲ್ಲ. ಅವಳು ಫೋನಿನ ಮಾತು ಕದ್ದು ಕೇಳಿಸಿಕೊಂಡಿದ್ದಳು. ‘ನಾನು ಇರ್ಲಿಲ್ಲ, ಅದಕ್ಕೇ ಆಯ್ತು’ ಎಂದಳು. ಮನೆಯ ಮುಂಭಾಗದಲ್ಲೇ ಇರುವ ಕಿರಾಣಿ ಅಂಗಡಿಯಲ್ಲಿ, ಅಪ್ಪನ ಪಕ್ಕದ ಸ್ಟೂಲಿನ ಮೇಲೆ ದಿನವಿಡೀ ಕೂರುತ್ತಿದ್ದ ಹುಡುಗಿ ಶಾಲೆ ತಪ್ಪಿಸಿಕೊಳ್ಳುತ್ತಿರಲಿಲ್ಲ, ಅಪ್ಪನನ್ನು ಕಾಯುತ್ತಿದ್ದಳು.

ಹಾಗಾಗಿ ಮೊದಲ ಸಲಹೆ ತಂದೆಗೇ. ಏನಾಗಿತ್ತು, ವೈದ್ಯರು ಏನೆಂದರು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ಮಗಳಿಗೆ ನಾಲ್ಕು ವಾಕ್ಯಗಳಲ್ಲಿ, ಒಮ್ಮೆ ಹೇಳಬೇಕು. ಅದೇ ಪ್ರಶ್ನೆಗೆ ದಿನಕ್ಕೆ ಹತ್ತು ಬಾರಿ ಭರವಸೆ ಕೊಡಬಾರದು, ಏಕೆಂದರೆ ಪ್ರತಿ ಭರವಸೆಯೂ ಮುಂದಿನ ಅನುಮಾನವನ್ನು ಹುಟ್ಟಿಸುತ್ತದೆ. ಶಾಲೆಯ ಅವಧಿಯಲ್ಲಿ ಅಂಗಡಿ, ಟಿವಿ, ಮೊಬೈಲ್ ಇರಕೂಡದು. ಮನೆಯಲ್ಲಿ ಉಳಿದರೆ ಪಠ್ಯಪುಸ್ತಕ ಮಾತ್ರ. ತಾಯಿಗೆ ಇದು ಕಠಿಣವೆನಿಸಿತು. ಆದರೆ ಹೆದರಿದ ಮಗುವಿಗೆ ಮನೆಯಲ್ಲಿ ಸಿಗುವ ನೆಮ್ಮದಿಯೇ ಮಾರನೆಯ ದಿನದ ಹೆದರಿಕೆಗೆ ಗೊಬ್ಬರವಾಗುತ್ತದೆ.

ತರಗತಿ ಶಿಕ್ಷಕಿ ಅವಳನ್ನು ಎಲ್ಲರೆದುರು ನಿಲ್ಲಿಸಿ ಗೈರುಹಾಜರಿಯ ಕಾರಣ ಕೇಳಿದ್ದರು. ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸುತ್ತದೆ ಎಂಬುದನ್ನು ನಾನು ಎತ್ತಬೇಕಾಗಲಿಲ್ಲ. ಮುಖ್ಯಶಿಕ್ಷಕರೇ ಅರ್ಥ ಮಾಡಿಕೊಂಡರು. ಮೊದಲೆರಡು ದಿನ ಗೇಟಿನವರೆಗೆ, ನಂತರ ಗ್ರಂಥಾಲಯದಲ್ಲಿ ಅರ್ಧ ಗಂಟೆ, ಆಮೇಲೆ ಅವಳಿಗಿಷ್ಟವಾದ ಕನ್ನಡದ ಪಿರಿಯಡ್ ಎಂದು ಮೆಟ್ಟಿಲು ಹಾಕಿದೆವು. ಹೊಟ್ಟೆ ನೋವಾದರೆ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕೂತು ತರಗತಿಗೇ ಮರಳಬೇಕು, ಮನೆಗಲ್ಲ. ಮಧ್ಯಾಹ್ನ ಅಪ್ಪನಿಗೆ ಒಂದು ಕರೆ, ಒಂದೇ ನಿಮಿಷ.

ನಾನೂ ಎಡವಿದೆ. ಗ್ರಂಥಾಲಯದಲ್ಲಿ ಅವಳು ಚೆನ್ನಾಗಿ ಕೂತದ್ದನ್ನು ಕಂಡು ಮರುದಿನವೇ ಊಟದವರೆಗೆ ಇರಲಿ ಎಂದೆ. ಅವಳು ವಾಂತಿ ಮಾಡಿಕೊಂಡಳು. ನಡುವಿನ ಮೆಟ್ಟಿಲನ್ನು ಹಾರಿಸಿದ್ದೆ. ಒಂದು ಮೆಟ್ಟಿಲು ಹಿಂದಿಳಿದು ಮತ್ತೆ ಆರಂಭಿಸಲು ವಾರ ಹಿಡಿಯಿತು. ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ದಿನ ಕೂರತೊಡಗಿದಳು, ಕರೆ ದಿನ ಬಿಟ್ಟು ದಿನವಾಯಿತು. ಸೋಮವಾರಗಳಂದು ಹೊಟ್ಟೆ ಈಗಲೂ ಕಿವುಚುತ್ತದಂತೆ. ಹಾಗೆಯೇ ವ್ಯಾನು ಹತ್ತುತ್ತಾಳೆ.

ದೀರ್ಘ ರಜೆಯ ನಂತರ ಹೆದರಿಕೆ ಮರುಕಳಿಸುವುದುಂಟು. ಆದ್ದರಿಂದ ಮೇ ಕೊನೆಯ ವಾರ ಯೂನಿಫಾರ್ಮ್ ತೊಟ್ಟು ಎರಡು ಬಾರಿ ಶಾಲೆಯ ಆವರಣಕ್ಕೆ ಹೋಗಿಬರಲು ಹೇಳಿದ್ದೇನೆ. ಊಟ, ನಿದ್ದೆ ಕೆಟ್ಟರೆ ಅಥವಾ ಸಾಯುವ ಮಾತು ಬಂದರೆ ನನ್ನ ಮುಂದಿನ ಭೇಟಿಗೆ ಕಾಯದೆ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬೇಕೆಂದೂ ತಿಳಿಸಿದೆ. ತಂದೆ ಆ ಸಂಖ್ಯೆಯನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು.